ಪೂರ್ವಗ್ರಹಕ್ಕೆ ಹತ್ತರಲ್ಲಿ ಎಷ್ಟು?

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಹಂಗಾಮಿ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ‘ಹಂಗಾಮಿ ಉಪನ್ಯಾಸಕ’ ಎಂಬ ಆದೇಶ ಕೈಗೆ ಬಂದಾಗ ಅದು ಹುದ್ದೆಯ ಹೆಸರಾಗಿತ್ತು. ವರ್ಷ ವರ್ಷವೂ ಅದೇ ಆದೇಶ ತಾರೀಖು ಬದಲಾಯಿಸಿಕೊಂಡು ಬಂದು ಬಂದು, ಈಗ ಮನುಷ್ಯನ ಹೆಸರೇ ಆಗಿಹೋಗಿತ್ತು. ಸ್ಟಾಫ್ ರೂಮಿನಲ್ಲಿ ಉಳಿದವರಿಗೆಲ್ಲ ಒಂದೊಂದು ಬೀರು ಇತ್ತು. ಇವರಿಗೆ ಬೀರುವಿನ ತಲೆಯ ಮೇಲಿನ ಜಾಗ ಇತ್ತು.

ಒಂದು ದಿನ ಪ್ರಿನ್ಸಿಪಾಲರು ಕರೆಸಿ, ಎಂದೂ ಇಲ್ಲದ್ದು, “ಕೂತ್ಕೊಳ್ಳಿ” ಎಂದರು. ಹಂಗಾಮಿ ಗಾಬರಿಯಾದರು.

“ಹೊಸ ವಿಷಯ ಒಂದು ಬಂದಿದೆ. ‘ಜ್ಞಾನಕ್ಷೇತ್ರಗಳಲ್ಲಿ ಪೂರ್ವಗ್ರಹ’. ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ. ಯಾರಿಗೂ ಬೇಡವಾದ್ದನ್ನ ನಿಮ್ಮ ತಲೆಗೆ ಕಟ್ಟಿದ್ದೀವಿ ಅಂತ ಅಂದ್ಕೋಬೇಡಿ. ನಿಮಗೋಸ್ಕರ ಎತ್ತಿಟ್ಟಿದ್ದೀವಿ ಅಂದ್ಕೊಳ್ಳಿ.”

“ಅಂದ್ಕೊಂಡೆ ಸಾರ್.”

“ಟರ್ಮ್ ಕೊನೇಲಿ ಒಂದು ಬಹಿರಂಗ ತರಗತಿ. ಭೌತಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ, ಮೂರೂ ವಿಭಾಗದ ಮುಖ್ಯಸ್ಥರು ಬಂದು ನೋಡ್ತಾರೆ. ಮೂವರೂ ಸಹಿ ಹಾಕಿದ್ರೆ...” ಪ್ರಿನ್ಸಿಪಾಲರು ಮೇಜಿನ ಮೇಲಿದ್ದ ಕಡತವನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದರು. “ನಿಮ್ಮ ಖಾಯಮಾತಿ.”

ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದ ಹೆಂಡತಿಗೆ ಆ ಸಂಜೆ ಸುದ್ದಿ ಹೇಳಿದಾಗ ಆಕೆ ಕುಣಿದಾಡಲಿಲ್ಲ. ಹನ್ನೊಂದು ಸಲ ಕುಣಿದು ಕಾಲು ನೋಯಿಸಿಕೊಂಡವಳು.

“ಪೂರ್ವಗ್ರಹ ಅಂದ್ರೆ ನನ್ನ ಕೌಂಟರ್‌ಗೆ ಬಂದು ನಿಂತ್ಕೊಳ್ರೀ,” ಎಂದಳು. “ಗಂಡಸು ಎದೆನೋವು ಅಂದ್ರೆ ಡಾಕ್ಟರ್ ಇಸಿಜಿ ಬರೀತಾರೆ. ಹೆಂಗಸು ಅದೇ ಎದೆನೋವು ಅಂದ್ರೆ ನಿದ್ದೆ ಮಾತ್ರೆ ಬರೀತಾರೆ. ಹದಿನಾಲ್ಕು ವರ್ಷದಿಂದ ಚೀಟಿ ಓದ್ತಿದ್ದೀನಿ.”

“ಅಂದರೆ... ಅದು ನಿನ್ನ ಅನುಭವ ಕಣೆ. ಆದರೆ ಏನಂದರೆ... ಅಧ್ಯಯನ ಅಲ್ಲ ಅಂತ.”

ಮಾರನೆಯ ದಿನ ಹಂಗಾಮಿ ತರಗತಿಯಲ್ಲಿ ವೈದ್ಯಶಾಸ್ತ್ರದ ಪೂರ್ವಗ್ರಹಕ್ಕೆ ಅದನ್ನೇ ಉದಾಹರಣೆ ಕೊಟ್ಟರು. ಯಾರೋ ಆಧಾರ ಕೇಳಿದ್ದಕ್ಕೆ, “ಕ್ಷೇತ್ರಕಾರ್ಯದಿಂದ ದೊರೆತ ಮಾಹಿತಿ” ಎಂದರು. ಕ್ಷೇತ್ರ ಅಡುಗೆಮನೆ ಎಂದು ಹೇಳಲಿಲ್ಲ.

ತರಗತಿಯಲ್ಲಿ ನೂರಾ ಇಪ್ಪತ್ತು ಜನ. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು: ರೋಲ್ ನಂಬರ್ ಕೊಡುತ್ತಿದ್ದುದು ಅಕ್ಷರಮಾಲೆಯ ಪ್ರಕಾರ ಅಲ್ಲ, ಪ್ರವೇಶ ಪರೀಕ್ಷೆಯ ಅಂಕಗಳ ಪ್ರಕಾರ. ಒಂದನೇ ನಂಬರ್ ಎಂದರೆ ಮೊದಲ ಸ್ಥಾನ. ನೂರಾ ಇಪ್ಪತ್ತನೆಯದು ಎಂದರೆ ಬಾಗಿಲು ಮುಚ್ಚುವ ಹೊತ್ತಿಗೆ ಒಳಗೆ ನುಸುಳಿದವರು. ಹೆಸರು ಯಾರಿಗೂ ಬೇಕಿರಲಿಲ್ಲ. ನಂಬರ್ ಹೇಳಿದರೆ ಜಾತಕ ಹೇಳಿದಂತೆ. ನಾಲ್ಕನೇ ನಂಬರಿನ ಹುಡುಗ ಮೊದಲ ಬೆಂಚಿನಲ್ಲಿ ಇಸ್ತ್ರಿ ಮಾಡಿಟ್ಟಂತೆ ಕೂರುತ್ತಿದ್ದ. ನೂರಾ ಹದಿನೇಳನೆಯವಳು ಕಡೆಯ ಬೆಂಚಿನಲ್ಲಿ ಕೂತು ಮೇಷ್ಟ್ರುಗಳ ಧ್ವನಿ ಅನುಕರಿಸುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ, ಒಮ್ಮೆ ಕಾರಿಡಾರಿನಲ್ಲಿ ಅವಳು ಪ್ರಿನ್ಸಿಪಾಲರಂತೆ ಕೆಮ್ಮಿದ್ದಕ್ಕೆ ಇಡೀ ಸ್ಟಾಫ್ ರೂಮ್ ದಿನಪತ್ರಿಕೆ ಮಡಚಿ ಎದ್ದು ನಿಂತಿತ್ತು.

ಪಠ್ಯಕ್ರಮದ ಪ್ರಕಾರ ಪ್ರತಿ ವಿಭಾಗದ ಮುಖ್ಯಸ್ಥರೂ ಬಂದು ತಮ್ಮ ಕ್ಷೇತ್ರದ ಪೂರ್ವಗ್ರಹದ ಬಗ್ಗೆ ಒಂದು ಗಂಟೆ ಮಾತಾಡಬೇಕಿತ್ತು.

ಮೊದಲು ಬಂದವರು ಭೌತಶಾಸ್ತ್ರದವರು. ಹುಡುಗರು ಇಟ್ಟ ಹೆಸರು ‘ನಿಖರ’. “ನಿಖರವಾಗಿ ಹೇಳಬೇಕಂದ್ರೆ, ನಮ್ಮಲ್ಲಿ ಪೂರ್ವಗ್ರಹ ಇಲ್ಲ. ಕಲ್ಲು ಬಿದ್ರೆ ಬೀಳುತ್ತೆ. ಅದಕ್ಕೆ ಬೀಳಿಸಿದವರ ಮುಖ ಗೊತ್ತಿರಲ್ಲ. ಪೂರ್ವಗ್ರಹ ಬೇಕಿದ್ರೆ ಇತಿಹಾಸಕ್ಕೆ ಹೋಗಿ.” ಹೀಗೆಂದು ಉಳಿದ ಐವತ್ತೆಂಟು ನಿಮಿಷ ಇತಿಹಾಸದ ಮಾನ ಹರಾಜು ಹಾಕಿದರು. ಪ್ರಯೋಗಾಲಯದ ಒಳ್ಳೆಯ ಉಪಕರಣಗಳನ್ನು ಮೊದಲ ಮೂವತ್ತು ನಂಬರಿನವರು ಮಾತ್ರ ಮುಟ್ಟಬಹುದು ಎಂಬ ನಿಯಮ ಮಾಡಿದವರೂ ಅವರೇ. ಉಳಿದವರ ಕೈಯಲ್ಲಿ ಅವು ಹಾಳಾಗುತ್ತವಂತೆ. ಮುಟ್ಟಿಸಿ ನೋಡಿದ್ದರೇ ಎಂದು ಯಾರೂ ಕೇಳಿರಲಿಲ್ಲ.

ಎರಡನೆಯವರು ಇತಿಹಾಸದ ‘ದಾಖಲೆ’. ಏನು ಹೇಳಿದರೂ “ದಾಖಲೆ ಎಲ್ಲಿದೆ?” ಎನ್ನುವವರು. “ನಮ್ಮಲ್ಲಿ ಪೂರ್ವಗ್ರಹ? ದಾಖಲೆ ಎಲ್ಲಿದೆ? ಅರ್ಥಶಾಸ್ತ್ರದವರನ್ನ ಕೇಳಿ. ಮನೇಲಿ ಹೆಂಗಸು ಬೆಳಗಿಂದ ಸಂಜೆವರೆಗೆ ದುಡಿದ್ರೆ ಅವರ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ!”

ಕಡೆಯ ಬೆಂಚಿನಿಂದ ನೂರಾ ಹದಿನೇಳು ಕೈ ಎತ್ತಿದಳು. “ಸಾರ್, ನಿಮ್ಮ ಪುಸ್ತಕದಲ್ಲೂ ಅಡುಗೆ ಮಾಡಿದವರ ಹೆಸರಿಲ್ಲ. ಊಟ ಮಾಡಿದ ರಾಜರ ಹೆಸರು ಮಾತ್ರ ಇದೆ.”

“ನಂಬರ್ ಎಷ್ಟಮ್ಮ ನಿಂದು?”

“ನೂರಾ ಹದಿನೇಳು ಸಾರ್.”

“ಅದೇ ಅಂದ್ಕೊಂಡೆ. ಕೂತ್ಕೋ.”

ಮೂರನೆಯವರು ಅರ್ಥಶಾಸ್ತ್ರದ ‘ಉಳಿದೆಲ್ಲ’. “ಉಳಿದೆಲ್ಲ ಹಾಗೇ ಇದ್ದರೆ” ಎಂಬ ಪೀಠಿಕೆಯಿಲ್ಲದೆ ಒಂದು ಲೋಟ ನೀರನ್ನೂ ಕೇಳದವರು. “ಉಳಿದೆಲ್ಲ ಹಾಗೇ ಇದ್ದರೆ ಭೌತಶಾಸ್ತ್ರವೇ ಅತ್ಯಂತ ಪೂರ್ವಗ್ರಹದ ಕ್ಷೇತ್ರ,” ಎಂದು ಅವರು ಶುರುಮಾಡಿದಾಗ, ಚಕ್ರ ಪೂರ್ತಿ ಸುತ್ತಿ ಬಂದದ್ದು ತಿಳಿದ ತರಗತಿ ಹೋ ಎಂದು ನಕ್ಕಿತು. ಅವರು ತಮ್ಮ ಹಾಸ್ಯಕ್ಕೆ ನಕ್ಕರು ಎಂದುಕೊಂಡರು.

“ಸಾರ್, ಥಿಯರಿ ಆಯ್ತು,” ಎಂದಳು ನೂರಾ ಹದಿನೇಳು, ಗಂಟೆ ಮುಗಿದ ಮೇಲೆ ಹಂಗಾಮಿಯ ಬಳಿ ಬಂದು. “ಪ್ರಾಕ್ಟಿಕಲ್ ಯಾವಾಗ?”

ಯೋಜನೆ ಅವಳದೇ. ಕಿರುಪರೀಕ್ಷೆಗೆ ಕೊಟ್ಟಿದ್ದ ಪ್ರಶ್ನೆಯೇ: ‘ಅಳತೆಗೋಲು ತಟಸ್ಥವೇ?’ ಎಲ್ಲರೂ ಮತ್ತೆ ಉತ್ತರ ಬರೆಯುವುದು. ಸುಮಾರು ನಲವತ್ತು ನಲವತ್ತು ಉತ್ತರಗಳ ಕಟ್ಟು ಮಾಡಿ ಮೂವರು ಮುಖ್ಯಸ್ಥರಿಗೂ ಮೌಲ್ಯಮಾಪನಕ್ಕೆ ಕೊಡುವುದು. ಪ್ರತಿ ಕಟ್ಟಿನಲ್ಲೂ ಎರಡು ಉತ್ತರಗಳು ಪದಕ್ಕೆ ಪದ ಒಂದೇ. ಒಂದರ ಮೇಲೆ ನಾಲ್ಕನೇ ನಂಬರ್, ಇನ್ನೊಂದರ ಮೇಲೆ ನೂರಾ ಹದಿನೇಳು. ಅಷ್ಟೇ.

ಹಂಗಾಮಿಗೆ ರೋಮಾಂಚನವಾಯಿತು. ಆದರೆ ಸಹಿ ಹಾಕಬೇಕಾದವರೇ ಆ ಮೂವರು. “ಅಂದರೆ... ತಿದ್ದಿದವರ ಹೆಸರು ಹೊರಗೆ ಬರಬಾರದು ಅಂತ,” ಎಂದರು. “ಅ, ಬ, ಕ ಅಂತ ಹಾಕಿ. ನಾನು ಉತ್ತರ ನೋಡೋದೂ ಇಲ್ಲ, ಕಟ್ಟು ಮುಟ್ಟೋದೂ ಇಲ್ಲ. ಪ್ರಯೋಗ ಶುದ್ಧವಾಗಿರಬೇಕು.”

“ಖಂಡಿತ ಶುದ್ಧವಾಗಿರುತ್ತೆ ಸಾರ್,” ಎಂದಳು ಅವಳು, ಬಹಳ ವಿನಯದಿಂದ. ಹಂಗಾಮಿ ಆ ವಿನಯವನ್ನು ನೋಡಿಯಾದರೂ ಎಚ್ಚರವಾಗಬೇಕಿತ್ತು.

ಬಹಿರಂಗ ತರಗತಿಯ ದಿನ ಮೂವರು ಮುಖ್ಯಸ್ಥರೂ ಮೊದಲ ಬೆಂಚಿನಲ್ಲಿ ಒತ್ತರಿಸಿಕೊಂಡು ಕೂತರು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಪ್ರಿನ್ಸಿಪಾಲರು, ತೊಡೆಯ ಮೇಲೆ ಕಡತ. ಹಂಗಾಮಿ ಪ್ರಯೋಗ ಏನೆಂದು ವಿವರಿಸಿ, ಕಪ್ಪುಹಲಗೆಯ ಮೇಲೆ ಬರೆದರು: ಮೌಲ್ಯಮಾಪಕ ‘ಅ’: ನಾಲ್ಕನೇ ನಂಬರಿಗೆ ಒಂಬತ್ತು, ನೂರಾ ಹದಿನೇಳಕ್ಕೆ ಮೂರು. ‘ಬ’: ಎಂಟು, ಎರಡು. ‘ಕ’: ಎಂಟೂವರೆ, ನಾಲ್ಕು.

“ಈಗ ಷರಾಗಳನ್ನ ಓದ್ತಾರೆ,” ಎಂದು ನೂರಾ ಹದಿನೇಳನ್ನು ಕರೆದರು. ಅವಳು ಹಾಳೆ ಎತ್ತಿ, ಗಂಟಲು ಸರಿಮಾಡಿಕೊಂಡು ಓದಿದಳು. ತನ್ನ ಧ್ವನಿಯಲ್ಲಲ್ಲ.

“ನಿಖ್ಖರ್ರವಾದ ವಾದಸರಣಿ. ಇದು ನಾಲ್ಕನೇ ನಂಬರಿಗೆ. ನೂರಾ ಹದಿನೇಳಕ್ಕೆ: ಅಸ್ಪಷ್ಟ. ಪುನಃ ಪ್ರಯತ್ನಿಸಿ.”

ಅರ್ಥಶಾಸ್ತ್ರದ ಉಳಿದೆಲ್ಲ ಬೆಂಚು ಕುಟ್ಟಿ ನಕ್ಕರು. ದಾಖಲೆ ಕಣ್ಣೊರೆಸಿಕೊಂಡರು. ನಿಖರ ಮಾತ್ರ ಪಕ್ಕಕ್ಕೆ ಬಾಗಿ, “ಯಾರ್ರೀ ಇದು? ಬಹಳ ಪರಿಚಿತ ಧ್ವನಿ. ಅರ್ಥಶಾಸ್ತ್ರದೋರದ್ದಾ?” ಎಂದರು.

“‘ಬ’ ಮೌಲ್ಯಮಾಪಕರು ಎರಡೂ ಉತ್ತರ ಒಂದೇ ಅನ್ನೋದನ್ನ ಕಂಡುಹಿಡಿದಿದ್ದಾರೆ,” ಎಂದು ಸ್ವಂತ ಧ್ವನಿಯಲ್ಲಿ ಹೇಳಿ ಅವಳು ಹಾಳೆ ಹೊರಳಿಸಿದಳು. ಧ್ವನಿಯೂ ಹೊರಳಿತು. “ನೂರಾ ಹದಿನೇಳು ನಾಲ್ಕರಿಂದ ನಕಲು ಮಾಡಿರುವುದು ಕಣ್ಣಿಗೆ ರಾಚುತ್ತಿದೆ. ಇದಕ್ಕೆ ಬೇರೆ ದಾಖಲೆಯೇ ಬೇಡ.”

ಈಗ ನಿಖರ ನಕ್ಕರು, ಉಳಿದೆಲ್ಲ ನಕ್ಕರು. ದಾಖಲೆಯೂ ಜೋರಾಗಿ ನಕ್ಕು, “ಅಲ್ಲ, ನಾಲ್ಕನೆಯವನೇ ಇವಳದ್ದು ನೋಡಿ ಬರೆದಿರಬಹುದು ಅಂತ ಆ ಮಹಾನುಭಾವರಿಗೆ ಹೊಳೀಲೇ ಇಲ್ವಲ್ರೀ!” ಎಂದರು.

‘ಕ’ದ ಸರದಿಯಲ್ಲೂ ಅದೇ. “ಉಳಿದೆಲ್ಲ ಹಾಗೇ ಇದ್ದರೆ ನೂರಾ ಹದಿನೇಳಕ್ಕೆ ನಾಲ್ಕು ಅಂಕವೂ ಹೆಚ್ಚು” ಎಂದು ಓದಿದಾಗ ನಗದೆ ಉಳಿದವರು ಯಾರೂ ಇರಲಿಲ್ಲ, ಬರೆದವರೂ ಸೇರಿ. ಹಂಗಾಮಿಗೆ ಆನಂದ. ಮೂವರೂ ನಗುತ್ತಿದ್ದಾರೆ, ಯಾರಿಗೂ ನೋವಾಗಿಲ್ಲ, ಕಡತ ಅಲ್ಲೇ ಇದೆ. ಇನ್ನೇನು ವಂದನಾರ್ಪಣೆ.

“ಇನ್ನೊಂದಿದೆ ಸಾರ್,” ಎಂದಳು ನೂರಾ ಹದಿನೇಳು. ಸೀಮೆಸುಣ್ಣ ತೆಗೆದುಕೊಂಡು ಕೆಳಗಡೆ ‘ಡ’ ಎಂದು ಬರೆದಳು. ನಾಲ್ಕನೇ ನಂಬರಿಗೆ ಎಂಟೂವರೆ. ನೂರಾ ಹದಿನೇಳಕ್ಕೆ ನಾಲ್ಕೂವರೆ.

ಆಮೇಲೆ ತಲೆ ಸ್ವಲ್ಪ ಓರೆಮಾಡಿ, ಪ್ರತಿ ಪದಕ್ಕೂ ಮೊದಲು ಕ್ಷಮೆ ಕೇಳುವಂಥ ಒಂದು ಮೆತ್ತನೆಯ ಧ್ವನಿಯಲ್ಲಿ ಓದಿದಳು: “ಅಂದರೆ... ಬರೆಯುವ ಪ್ರಯತ್ನ ಮೆಚ್ಚುವಂಥದ್ದೇ... ಆದರೆ ಏನಂದರೆ... ಸ್ವಂತವಾಗಿ ಯೋಚಿಸುವುದನ್ನು ರೂಢಿಸಿಕೊಂಡರೆ... ಒಳ್ಳೆಯದಿತ್ತು ಅಂತ.”

ತರಗತಿ ಬಿದ್ದುಬಿದ್ದು ನಕ್ಕಿತು. ಹಂಗಾಮಿಯೂ ಹೊಟ್ಟೆ ಹಿಡಿದು ನಕ್ಕರು. “ಅಂದರೆ... ಇದು ಯಾರು? ಆದರೆ ಏನಂದರೆ... ನನಗೆ ಗುರುತೇ ಸಿಗಲಿಲ್ಲ...”

ನೂರಾ ಇಪ್ಪತ್ತು ಜನರೂ ನಗು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಮೂವರು ಮುಖ್ಯಸ್ಥರೂ ನೋಡುತ್ತಿದ್ದರು. ಹಂಗಾಮಿ ತಮ್ಮ ಕಿವಿಯಲ್ಲಿ ತಮ್ಮದೇ ಕೊನೆಯ ವಾಕ್ಯ ಕೇಳಿಸಿಕೊಂಡರು. ಹೋದ ತಿಂಗಳ ಕಿರುಪರೀಕ್ಷೆ. ಇದೇ ಪ್ರಶ್ನೆ, ಇವರಿಬ್ಬರ ಇದೇ ಎರಡು ಉತ್ತರ. ಆ ಕಟ್ಟನ್ನು ಮನೆಗೆ ಒಯ್ದು, ರೇಡಿಯೋ ಹಾಕಿಕೊಂಡು, ನಂಬರ್ ನೋಡುತ್ತ ನೋಡುತ್ತ ತಿದ್ದಿ ಮುಗಿಸಿದ್ದರು. ತಟಸ್ಥ, ಅಳತೆಗೋಲು ಎಂದು ಒಂದೇ ಥರದ ಪದಗಳು ನೂರಾರು ಹಾಳೆಯಲ್ಲಿದ್ದಾಗ ಯಾರಿಗೆ ಏನು ನೆನಪು?

ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡರು. “ಈ ‘ಡ’ ಯಾರು ಸ್ವಾಮಿ?”

ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಹೆಸರು ಗುಟ್ಟಾಗಿರಬೇಕು ಎಂಬ ನಿಯಮ ಅವರದೇ. ಕೂಡುವಾಗ ತಪ್ಪಿದೆ ಎನ್ನಬಹುದಿತ್ತು. ಪ್ರಿನ್ಸಿಪಾಲರ ಪೆನ್ನಿನ ಮುಚ್ಚಳ ಆಗಲೇ ತೆರೆದಿತ್ತು. ಹಂಗಾಮಿ ಹಲಗೆ ನೋಡಿದರು, ಕಡತ ನೋಡಿದರು, ನೂರಾ ಹದಿನೇಳನ್ನು ನೋಡಿದರು. ಅವಳ ಮುಖದಲ್ಲಿ ಈಗ ಯಾರ ಅನುಕರಣೆಯೂ ಇರಲಿಲ್ಲ.

“ನಾನು,” ಎಂದರು. ಒಂದೇ ಪದ, ಅದಕ್ಕೆ ಮೊದಲು ‘ಅಂದರೆ’ ಇರಲಿಲ್ಲ, ಕೊನೆಗೆ ‘ಅಂತ’ ಇರಲಿಲ್ಲ.

ಮೂವರು ಮುಖ್ಯಸ್ಥರು ಹದಿನೈದು ನಿಮಿಷ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಜೀವಮಾನದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಸಂಜೆ ಹೊತ್ತಿಗೆ ಪತ್ರ ಸಿದ್ಧವಾಯಿತು: ‘ಅ, ಬ, ಕ ಮೌಲ್ಯಮಾಪಕರ ಗುರುತು ದೃಢಪಟ್ಟಿರುವುದಿಲ್ಲ. ಪೂರ್ವಗ್ರಹ ವಿಷಯದ ಬೋಧಕರು ತಾವು ಪೂರ್ವಗ್ರಹಪೀಡಿತರೆಂದು ನೂರಾ ಇಪ್ಪತ್ತು ಸಾಕ್ಷಿಗಳ ಎದುರು ಒಪ್ಪಿಕೊಂಡಿರುವುದರಿಂದ ಅವರ ಖಾಯಮಾತಿಯನ್ನು ಪರಿಗಣಿಸಲಾಗಿಲ್ಲ. ಆದಾಗ್ಯೂ ಈ ಕ್ಷೇತ್ರದಲ್ಲಿ ಅನುಭವವುಳ್ಳವರು ಅವರೊಬ್ಬರೇ ಆಗಿರುವುದರಿಂದ ಮುಂದಿನ ವರ್ಷವೂ ಹಂಗಾಮಿಯಾಗಿ ಮುಂದುವರಿಸಲಾಗಿದೆ.’

ಮೆಟ್ಟಿಲ ಬಳಿ ನೂರಾ ಹದಿನೇಳು ಕಾದಿದ್ದಳು. “ಸಾರಿ ಸಾರ್. ನೀವು ಹೇಳಲ್ಲ ಅಂದ್ಕೊಂಡಿದ್ದೆ. ಎಲ್ಲಾರ ಥರ.”

“ಇರ್ಲಿ ಬಿಡಮ್ಮ. ತಪ್ಪು ನಂದೇ. ಆದ್ರೂ ಈಗ ಸರಿಯಾಗಿ ಓದಿ ನೋಡಿದೆ, ಉತ್ತರ ಮಾತ್ರ ಅದ್ಭುತ. ನಾಲ್ಕನೆಯವನು ಬುದ್ಧಿವಂತ, ಒಪ್ಪಲೇಬೇಕು.”

“ಬರ್ದಿದ್ದು ನಾನು ಸಾರ್. ಕಿರುಪರೀಕ್ಷೇಲಿ ಅವನು ನೋಡ್ಕೊಂಡು ಇಳಿಸಿದ್ದು. ಅದ್ರಲ್ಲೂ ಒಂದು ಸಾಲು ಬಿಟ್ಟಿದ್ದ, ಆಮೇಲೆ ನಾನೇ ಹೇಳಿ ಸೇರಿಸಿದ್ದು.”

ಹಂಗಾಮಿ ಅಲ್ಲೇ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಅಂಕಪಟ್ಟಿ ತೆಗೆದು, ಅವಳ ನಾಲ್ಕೂವರೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರು.

ಮನೆಯಲ್ಲಿ ಹೆಂಡತಿ ನಡೆದದ್ದನ್ನೆಲ್ಲ ಕೇಳಿ, ಪತ್ರವನ್ನು ಎರಡು ಸಲ ಓದಿ, ಮಡಚಿ, ಹಿಂದಿನ ಹನ್ನೊಂದರ ಜೊತೆ ಡಬ್ಬಿಗೆ ಹಾಕಿದಳು. ಬೈಯಲಿಲ್ಲ. “ಒಪ್ಕೊಂಡ್ರಲ್ಲ, ಅದು ಒಳ್ಳೇದಾಯ್ತು,” ಎಂದಳು. “ಆ ಹುಡುಗಿ ಮಾರ್ಕ್ಸ್ ಸರಿ ಮಾಡಿದ್ರಾ?”

“ಅಲ್ಲೇ ಕೂತು ಮಾಡಿದೆ ಕಣೆ! ಎಂಟು ಕೊಟ್ಟೆ.”

“ನಕಲು ಹೊಡೆದವನಿಗೆ ಎಷ್ಟಿತ್ತು?”

“ಎಂಟೂವ...” ಎಂದವರು ಅಲ್ಲಿಗೇ ನಿಂತರು.

ಹೆಂಡತಿ ಕೆಂಪು ಪೆನ್ನು ತಂದು ಅವರ ಮುಂದೆ ಇಟ್ಟಳು.