ಬಲಗೈಗೆ ಕಟ್ಟಿದ ಚೀಲ

ಮಂಗಲಾ ಆ ಮಾತು ಕೊಟ್ಟದ್ದು ಹೋದ ವರ್ಷದ ಚೌತಿಗೂ ಮುಂಚೆ, ಕಾರವಾರದ ಆಸ್ಪತ್ರೆಯಲ್ಲಿ. "ದಿನಾ ನಡೆದದ್ದನ್ನು ನಡೆದ ಹಾಗೇ ಬರೀತೆ. ಬೇರೆ ಮದ್ದು ಮಾಡೂದಿಲ್ಲ. ಮಾಡಿದ್ರೆ ಅದನ್ನೂ ಬರೀತೆ," ಎಂದು ಹೇಳಿ ಸಹಿ ಹಾಕಿದ್ದಳು.

ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಮಗಳು ಸೌಜನ್ಯಾಳ ಎಡಗೈ ಮುಷ್ಟಿ ಕಟ್ಟಿಕೊಂಡೇ ಉಳಿದಿತ್ತು. ಈಗ ಅವಳಿಗೆ ಆರು ವರ್ಷ. ಅಂಥ ಮಕ್ಕಳ ಒಳ್ಳೆಯ ಕೈಗೆ ದಿನಕ್ಕೆರಡು ತಾಸು ಬಟ್ಟೆಯ ಚೀಲ ಕಟ್ಟಿಟ್ಟರೆ, ಬೇರೆ ದಾರಿ ಕಾಣದೆ ಸೋತ ಕೈ ಕೆಲಸ ಕಲಿಯುತ್ತದೆಯೇ ಎಂದು ನೋಡುವ ಸಂಶೋಧನೆ ಅದು. ವಾರಕ್ಕೊಮ್ಮೆ ಅವರ ಊರು ಬೇಲೆಕೇರಿಗೆ ಆಸ್ಪತ್ರೆಯ ವ್ಯಾನು ಬಂದು ಕರೆದೊಯ್ಯುತ್ತಿತ್ತು. ಜೊತೆಗೊಂದು ಪುಸ್ತಕ ಕೊಟ್ಟಿದ್ದರು: ಎಷ್ಟು ಹೊತ್ತು ಕಟ್ಟಿದಿರಿ, ಏನು ಆಡಿಸಿದಿರಿ, ಕಡೆಗೆ 'ಬೇರೆ ಏನಾದರೂ'.

ಆ ಕಡೆಯ ಸಾಲು ಮಂಗಲಾಳನ್ನು ಹಿಡಿದುಬಿಟ್ಟಿತು. ಗಂಡ ಜಟ್ಟ ಗೋವೆಯ ಬೋಟಿನ ಮೇಲೆ, ಫೋನು ಹತ್ತಿದರೆ "ಊಟ ಆಯ್ತಾ?" ಅನ್ನುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಅವಳು ಕೆಲಸ ಮಾಡುವ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಅಕ್ಕಿ, ಬೇಳೆಯ ಮಾತು ಬಿಟ್ಟರೆ ಬೇರೆಯಿಲ್ಲ. 'ಇಂದು ಚೀಲ ಕಟ್ಟಿದಾಗ ಅತ್ತಳು. ನಾನೂ ಅತ್ತೆ' ಎಂದು ಒಂದು ದಿನ ಬರೆದಳು. ಮರುವಾರ ಪುಸ್ತಕ ಹಿಂದೆ ಬಂದಾಗ ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಓದಿದೆ' ಎಂದಿತ್ತು. ವ್ಯಾಯಾಮ ಮಾಡಿಸುವ ಮನಿಷಾಳ ಅಕ್ಷರ. ಅಲ್ಲಿಂದ ಮಂಗಲಾ ಆ ಸಾಲನ್ನು ಖಾಲಿ ಬಿಟ್ಟದ್ದೇ ಇಲ್ಲ.

ಶಿವರಾತ್ರಿ ಹೊತ್ತಿಗೆ ಸೌಜನ್ಯಾ ಎಡಗೈಯ ಎರಡು ಬೆರಳಲ್ಲಿ ಕಡಲ ದಂಡೆಯ ಬೆಳಚಿನ ಚಿಪ್ಪೊಂದನ್ನು ಎತ್ತಿದಳು. ಮನಿಷಾ ಮೂರು ಸಲ ಅಳತೆ ಮಾಡಿ ಡಾಕ್ಟರನ್ನೇ ಕರೆತಂದಳು.

ಆ ಶನಿವಾರ ಚೀಲ ತೊಳೆಯುವಾಗ ಎಡಗೈ ತಾಗುವ ಲಾಡಿಯಿಂದ ಬೇರಿನೆಣ್ಣೆಯ ವಾಸನೆ ಬಂತು.

"ಅತ್ತೆ, ಬೆಳಂಬಾರದ ನಾಟಿ ವೈದ್ಯರ ಎಣ್ಣೆ ಅಲ್ದಾ ಇದು?"

ದುರ್ಗಿ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ. "ಹೌದು. ನೀ ಶಾಲಿಗೆ ಹೋದ ಮೇಲೆ ತಿಕ್ತೆ. ಎರಡು ತಿಂಗಳಾಯ್ತು."

"ಬೇರೆ ಮದ್ದು ಬೇಡ ಅಂದಿದ್ರಲ್ಲ ಅವ್ರು."

"ಎಣ್ಣೆ ಮದ್ದಾ? ನಿನ್ನ ಗಂಡನ್ನ ತಿಕ್ಕಿ ತಿಕ್ಕೇ ದೊಡ್ಡ ಮಾಡಿದ್ದೆ ನಾನು. ಬೆರಳು ಬಿಚ್ತಲ್ಲ, ಚೀಲಕ್ಕೆ ಬಿಚ್ತು ಅಂದ್ಕಂಡ್ಯಾ?" ಮುದುಕಿ ಬಂಗಡೆಯ ತಲೆ ಕಡಿದು ಬೆಕ್ಕಿಗೆಸೆದಳು. "ಆ ಪುಸ್ತಕಕ್ಕೆ ಊದೂಕೆ ಹೋಗಬೇಡ ಮತ್ತೆ. ಪುಸ್ತಕ ಏನು, ನಿನ್ನ ಅವ್ವಿಯಾ?"

ಮಂಗಲಾ ಚೀಲ ಹಿಂಡಿ ಹಗ್ಗದ ಮೇಲೆ ಹರವಿದಳು. ಬರೆದರೆ ವ್ಯಾನು ಹೋಗುತ್ತದೆ, ಕೆಂಪು ಶಾಯಿಯೂ ಹೋಗುತ್ತದೆ. ಬರೆಯದಿದ್ದರೆ, ಸೌಜನ್ಯಾಳ ಬೆರಳು ಚೀಲದಿಂದಲೇ ಬಿಚ್ಚಿತೆಂದು ಊರೂರಿನ ಮಕ್ಕಳ ಕೈಗೆ ಚೀಲ ಕಟ್ಟುತ್ತಾರೆ, ಅಳಿಸುತ್ತಾರೆ. ಆ ಮಕ್ಕಳ ತಾಯಂದಿರೂ ಪಕ್ಕದಲ್ಲಿ ಕೂತು ಅಳುತ್ತಾರೆ.

ಅವಳು ಪುಸ್ತಕ ತೆಗೆದಳು.

ಗುರುವಾರ ಮನಿಷಾ ಆ ಪುಟವನ್ನು ಎರಡು ಸಲ ಓದಿದಳು. "ಬರೀದೇ ಇದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ, ಮಂಗಲಕ್ಕಾ."

"ಹೌದು."

"ಯಾವುದರಿಂದ ಬಿಚ್ಚಿತು ಅಂತ ಈಗ ಹೇಳೂಕೆ ಬರೂದಿಲ್ಲ. ಸಂಶೋಧನೆಯಿಂದ ಇವಳ ಹೆಸರು ತೆಗೀಲೇಬೇಕು." ಮನಿಷಾ ಮಗುವಿನ ಬೆರಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. "ವ್ಯಾಯಾಮ ನಿಲ್ಲೂದಿಲ್ಲ. ಆದ್ರೆ ಎಲ್ಲರ ಸಾಲಿನಲ್ಲಿ ಬರ್ಬೇಕು, ಹೊರರೋಗಿಗಳ ವ್ಯಾಯಾಮದ ಕೋಣೆಗೆ. ವ್ಯಾನು ಸಿಗೂದಿಲ್ಲ."

"ಪುಸ್ತಕ?"

"ಅದು ಇಲ್ಲೇ ಇರ್ತದೆ."

ಮುಂದಿನ ಗುರುವಾರ ಮಂಗಲಾ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದಳು. ಆ ಕೋಣೆಯವನು ಕೈ ಮಡಿಸಿ, ಬಿಡಿಸಿ, "ಮುಂದಿನವ್ರು" ಅಂದ.

ಮನೆಯಲ್ಲಿ ಈಗಲೂ ಚೀಲ ಕಟ್ಟುತ್ತಾಳೆ, ದುರ್ಗಿ ಈಗಲೂ ಎಣ್ಣೆ ತಿಕ್ಕುತ್ತಾಳೆ. ಚೀಲ ಬಿಚ್ಚಿದ ಮೇಲೆ ಮಂಗಲಾಳ ಕೈ ಒಮ್ಮೊಮ್ಮೆ ಪೆನ್ನು ಹುಡುಕುತ್ತದೆ.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ ಎಂದಿದ್ದಳು. ಬರೆದಳು.