ಎರಡು ದಡದ ಸಹಿ

ಶವವನ್ನು ದೋಣಿಯಲ್ಲಿ ಮಲಗಿಸಿ ಒತೋರ್ ಹಗ್ಗ ಬಿಚ್ಚಲು ಬಗ್ಗಿದ್ದ. ಅಷ್ಟರಲ್ಲಿ ಮೇಜರ್ ತೆಫೆರಾ ಕೈ ಅಡ್ಡ ಹಿಡಿದರು.

"ಕಾಗದ ಎಲ್ಲಿ?"

"ಹೆಣಕ್ಕೂ ಕಾಗದ ಬೇಕಾ ಸಾಹೇಬ್ರೆ? ನಿಮ್ಮ ಕಾಗದ ಹೊತ್ತು ಹೊತ್ತೇ ನನ್ನ ಗೆಳೆಯ ಸವೆದುಹೋದ."

ನೆರೆ ದೇಶಗಳೆಲ್ಲ ಸೇರಿ ಕಳಿಸಿದ್ದ ಕದನವಿರಾಮ ತಂಡಕ್ಕೆ ತೆಫೆರಾ ಮುಖ್ಯಸ್ಥರು. ಕೆಟ್ಟವರೇನಲ್ಲ, ಬೆಳಿಗ್ಗೆ ಬಂದು ಕಣ್ಣೀರು ಹಾಕಿದ್ದರು. ಆದರೆ ಈ ದಡದ ಸರ್ಕಾರಿ ಕಮಾಂಡರು, ಆ ದಡದ ಬಂಡಾಯದ ಕಮಾಂಡರು, ಇಬ್ಬರೂ ಸಹಿ ಹಾಕದೆ ಯಾವ ದೋಣಿಯೂ ಬಿಳಿ ನೈಲ್ ನದಿ ದಾಟುವಂತಿರಲಿಲ್ಲ. ಬಿಳಿ ಬಾವುಟ ಕಟ್ಟಿ ಎರಡೂ ದಡಕ್ಕೆ ಕಾಗದ ಒಯ್ಯುತ್ತಿದ್ದ ಅದ್ವೋಕನಿಗೆ ಮಾತ್ರ ವಿನಾಯಿತಿ ಇತ್ತು. ಮೂರು ದಿನದ ಜ್ವರದಲ್ಲಿ ಅವನೇ ಹೋಗಿಬಿಟ್ಟಿದ್ದ.

ಆಚೆ ದಡದಲ್ಲಿ, ತಾಯಿಯ ಸಮಾಧಿ ಪಕ್ಕ ಗುಂಡಿ ತೋಡಿ ಅವನ ಅಣ್ಣ ಕಾಯುತ್ತಿದ್ದ. ಇಲ್ಲಿಂದಲೇ ಕಾಣುತ್ತಿದ್ದ.

"ರೇಡಿಯೊದಲ್ಲಿ ಕೇಳಿ," ಎಂದಳು ಅದ್ವೋಕನ ಹೆಂಡತಿ ನ್ಯಾವೆಲ್ಲೊ.

"ಕೇಳಿದೆ ಅಮ್ಮ. ಮೊದಲು ಅವರು ಹಾಕಲಿ ಅಂತಾರೆ ಇಬ್ಬರೂ."

*

ಎಂಟು ವರ್ಷ ಅದ್ವೋಕ್ ಇದೇ ಕಗ್ಗಂಟನ್ನು ಬಿಡಿಸಿದ್ದ. ಒಮ್ಮೆ ಮೀನು ತಿನ್ನುತ್ತ ಹೆಂಡತಿಗೆ ಗುಟ್ಟು ಹೇಳಿದ್ದ.

"ಎರಡು ಹಾಳೆ ಒಯ್ತೀನಿ, ಒಬ್ಬೊಬ್ಬರಿಗೆ ಒಂದೊಂದು. ಮೊದಲು ಸಿಕ್ಕಿದವರಿಗೆ, ಆಚೆಯವರು ಆಗಲೇ ಹಾಕಿದ್ರು ಅಂತೀನಿ."

"ಸುಳ್ಳಲ್ವಾ?"

"ಹೇಳುವಾಗ ಸುಳ್ಳು. ಸಂಜೆ ಹೊತ್ತಿಗೆ ನಿಜ ಆಗಿರತ್ತೆ ಕಣೆ."

*

ನ್ಯಾವೆಲ್ಲೊ ಎರಡು ಹಾಳೆ ಹಿಡಿದು ಸರ್ಕಾರಿ ಠಾಣೆಗೆ ನಡೆದಳು. "ಆಚೆಯವರು ಆಗಲೇ ಸಹಿ ಹಾಕಿದ್ದಾರೆ," ಎಂದಳು.

ಕಮಾಂಡರು ಅವಳನ್ನೇ ನೋಡಿದರು. "ದಾಟಿ ಹೋಗಿ ಹಾಕಿಸ್ಕೊಂಡು ಬಂದವರು ಯಾರಮ್ಮ?"

ಅವಳು ಹಾಳೆ ಮಡಚಿಕೊಂಡು ಹೊರಬಿದ್ದಳು. ವಾಪಸು ಬರುವಾಗ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ದೋಣಿಯ ಮೇಲೆ ನೊಣ ಮುತ್ತಿದ್ದವು, ಹೆಂಗಸರು ಬಟ್ಟೆ ಬೀಸಿ ಬೀಸಿ ಸೋತಿದ್ದರು.

"ಕಾಗದ ಇಲ್ಲದೆ ದಾಟೋಕೆ ಅಪ್ಪಣೆ ಇರೋದು ಇವನಿಗೆ ತಾನೆ?" ಎಂದು ಮೇಜರರನ್ನು ಕೇಳಿದಳು.

"ಹೌದಮ್ಮ, ಆದರೆ..."

"ಹಾಗಾದ್ರೆ ಇವನೊಬ್ಬನೇ ಹೋಗ್ಲಿ. ತಿರುವಿನಲ್ಲಿ ನೀರು ಆ ದಡಕ್ಕೇ ಎಳೆಯತ್ತೆ."

ತಾನೇ ಹಗ್ಗ ಬಿಚ್ಚಿ, ಮೊಣಕಾಲುದ್ದ ನೀರಿಗಿಳಿದು ನೂಕಿದಳು. ಮೇಜರು ಮುಖ ತಿರುಗಿಸಿ ನಿಂತರು.

ಬಿಳಿ ಬಾವುಟದ ದೋಣಿ ಸಾಗಿತು. ಯಾವ ದಡದಲ್ಲೂ ಬಂದೂಕು ಏಳಲಿಲ್ಲ. ಆಚೆ ಅಣ್ಣ ಸೊಂಟಮಟ್ಟದ ನೀರಿಗೆ ಇಳಿದು ಕೈ ಚಾಚಿದ.

ನಡು ಹೊಳೆಯಲ್ಲಿ ಅಂತರಗಂಗೆಯ ದೊಡ್ಡ ರಾಶಿಯೊಂದು ಜೊಂಡಿಗೆ ಸಿಕ್ಕಿ ನಿಂತಿತ್ತು. ದೋಣಿಯ ಮೂತಿ ಅದರೊಳಗೆ ಹೊಕ್ಕಿತು, ಒಂದು ಸುತ್ತು ತಿರುಗಿತು, ನಿಂತುಬಿಟ್ಟಿತು. ಅಣ್ಣ ಈಜಲು ಮುಂದಾದ. ಹಿಂದಿನಿಂದ ಬಂಡಾಯದವರು ಯಾರೋ ಗದರಿದರು, ಅವನೂ ನಿಂತ.

ಒತೋರ್ ಹುಟ್ಟು ಹಿಡಿದು ಮೇಜರರ ಮುಖ ನೋಡಿದ. ಅವರು ಬೇಡವೆಂದು ತಲೆಯಾಡಿಸಿದರು.

ಹೋಗಿ ದೋಣಿ ಬಿಡಿಸಿಕೊಂಡು ಬರಬಲ್ಲವನು ಒಬ್ಬನೇ, ಅವನು ಅದರಲ್ಲೇ ಮಲಗಿದ್ದ.