ಏಳೆಂಟ್ಲ ಐವತ್ತನಾಲ್ಕು

ನವೆಂಬರ್ ಹದಿನಾಲ್ಕನೆಯ ತಾರೀಖು. ವೇದಿಕೆಯ ಮೇಲೆ ನಲವತ್ತೊಂದು ಮಂದಿ ಗಾಯಕರು. ಅವರಿಗೆ ಎದುರಾಗಿ, ಸಭೆಗೆ ಬೆನ್ನು ಮಾಡಿ, ವೃಂದದ ನಿರ್ದೇಶಕಿ. ಆಕೆ ನಿವೃತ್ತ ಗಣಿತದ ಮೇಷ್ಟ್ರ ಒಬ್ಬಳೇ ಮಗಳು. ತಾಯಿ ತೀರಿಕೊಂಡ ಮೇಲೆ ಅವಳು ತವರಿನ ಹೊಸ್ತಿಲು ತುಳಿದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ತಂದೆ-ಮಗಳ ನಡುವೆ ಮಾತಿನ ಕೊಂಡಿಯಾಗಿದ್ದವಳು ತಾಯಿ. ಇಂದು ಮಗಳನ್ನು ಮನೆಗೆ ಊಟಕ್ಕೆ ಕರೆದೇ ತೀರಬೇಕೆಂದು ಮೇಷ್ಟ್ರು ಬಂದು ಕುಳಿತಿದ್ದರು.

ಮೊದಲ ಕೃತಿಯಲ್ಲಿ ಪದಗಳಿರಲಿಲ್ಲ, ರಾಗವೂ ಇರಲಿಲ್ಲ. ಗಾಯಕರು ಉಸಿರೆಳೆದರು, ನಾಲಿಗೆಯಿಂದ ಲೊಚಗುಟ್ಟಿದರು, ಬಾಯಿ ತೆರೆದು ಸುಮ್ಮನೆ ನಿಂತರು.

ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ದಂತವೈದ್ಯ ಮೇಷ್ಟ್ರತ್ತ ಬಾಗಿದ. “ಬಾಯೇನೋ ತೆಗೆದಿದ್ದಾರೆ ಸಾರ್, ಹಾಡೇ ಬರ್ತಿಲ್ಲ. ನಮ್ ಕ್ಲಿನಿಕ್ಕಲ್ಲೂ ಹಿಂಗೇ.”

“ಸುಮ್ನೆ ಕೇಳಿ,” ಎಂದರು ಮೇಷ್ಟ್ರು. ಅವರಿಗೂ ತಲೆಬುಡ ತಿಳಿದಿರಲಿಲ್ಲ. ಆದರೆ ಮಗಳನ್ನು ಬಿಟ್ಟುಕೊಡುವಂತಿರಲಿಲ್ಲ.

ಎರಡನೆಯ ಕೃತಿ ಬರಿಯ ಮಗ್ಗಿ. ಒಂದು ಸಾಲು ಮೂರರ ಮಗ್ಗಿಯನ್ನು ಪಿಸುಗುಟ್ಟಿತು, ಇನ್ನೊಂದು ಒಂಬತ್ತರದನ್ನು ಎಳೆದೆಳೆದು ಹಾಡಿತು. ಹಿಂದಿನ ಸಾಲಿನ ಗಂಡಸರು ಹನ್ನೆರಡರದನ್ನು ಗಂಟಲೊಳಗೇ ಉರುಳಿಸಿದರು. ಮೇಷ್ಟ್ರು ನೆಟ್ಟಗೆ ಕುಳಿತರು. ಇದು ಅವರ ಮನೆಯ ಧಾಟಿ. ತಾಯಿ ಬಟ್ಟೆ ಮಡಚುತ್ತಿದ್ದ ಸಂಜೆಗಳಲ್ಲಿ ಮಗಳು ಗೋಡೆಗೊರಗಿ ಮಗ್ಗಿ ಹೇಳುತ್ತಿದ್ದುದು ಇದೇ ಏರಿಳಿತದಲ್ಲಿ. ಎಲ್ಲ ದನಿಗಳೂ ನಿಂತು, ಒಂದೇ ಹೆಣ್ಣುದನಿ ಏಳರ ಮಗ್ಗಿ ಹಿಡಿಯಿತು.

“ಏಳೇಳ್ಲ ನಲವತ್ತೊಂಬತ್ತು... ಏಳೆಂಟ್ಲ ಐವತ್ತನಾಲ್ಕು.”

ಮೌನ. ಮತ್ತೊಮ್ಮೆ, ಇನ್ನೂ ಮೆಲ್ಲಗೆ: “ಏಳೆಂಟ್ಲ ಐವತ್ತನಾಲ್ಕು.”

“ಐವತ್ತಾರು!”

ಕೂಗಿದವರು ತಾವೇ ಎಂದು ಮೇಷ್ಟ್ರಿಗೆ ತಿಳಿದದ್ದು ಸಭೆ ಗೊಳ್ಳೆಂದ ಮೇಲೆ. ತಪ್ಪು ಕಿವಿಗೆ ಬಿದ್ದೊಡನೆ ತಿದ್ದಿ ಪಳಗಿದ ನಾಲಿಗೆ, ಅಪ್ಪಣೆಗೆ ಕಾದಿರಲಿಲ್ಲ.

“ನೀವೂ ಈ ಮೇಳದವರು ಅಂತ ಮೊದ್ಲೇ ಹೇಳ್ಬಾರ್ದಾ ಸಾರ್?” ಎಂದ ದಂತವೈದ್ಯ.

ಮಗಳು ತಿರುಗಲಿಲ್ಲ. ಅವಳ ಎಡಗೈ ಮಾತ್ರ ಮೇಲೆದ್ದಿತು. ಹಿಂದಿನ ಸಾಲಿನವರು ಆ ‘ಐವತ್ತಾರ’ನ್ನು ಎತ್ತಿಕೊಂಡರು, ಆಮೇಲೆ ಉಳಿದವರು, ಗದರಿಕೆಯ ಮೊನೆ ಸವೆದು ಬರಿಯ ಸ್ವರ ಉಳಿಯುವವರೆಗೆ ಹಾಡಿದರು.

ಕಚೇರಿ ಮುಗಿದಾಗ ಅವಳ ಸುತ್ತ ಜನ. ಮೇಷ್ಟ್ರು ಕಂಬದ ಪಕ್ಕ ನಿಂತು ಕಾದರು. ಅವಳೇ ಬಂದಳು.

“ಅಪ್ಪಾ, ಆ ತಪ್ಪು ಬೇಕಂತಲೇ ಇಟ್ಟಿದ್ದು.”

“ಬೇಕಂತ ಮಾಡಿದ್ರೂ ತಪ್ಪು ತಪ್ಪೇ ಕಣಮ್ಮಾ.”

“ಹೋದ ಕಡೆಯೆಲ್ಲಾ ಅಲ್ಲಿ ನಿಲ್ಲಿಸಿ ಕಾಯ್ತೀವಿ. ಯಾರೂ ತಿದ್ದಲ್ಲ. ಇವತ್ತೇ ಮೊದಲು.”

“ಊಟಕ್ಕೆ ಬಾ,” ಎಂದರು ಮೇಷ್ಟ್ರು. ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಅವಳು ಕೈಯಲ್ಲಿದ್ದ ಹಾಳೆಗಳ ಅಂಚು ಸರಿಪಡಿಸಿದಳು. “ಅಮ್ಮ ಇಲ್ದಿರೋ ಮನೆಗೆ... ಇನ್ನೂ ಆಗ್ತಿಲ್ಲಪ್ಪಾ. ಒಂದೂಟ ಬಾಕಿ ಇರ್ಲಿ.”

“ಬಡ್ಡಿ ಬೀಳುತ್ತೆ.”

“ಮಗಳ ಹತ್ರಾನೂ ಬಡ್ಡೀನಾ?”

“ನಿಮ್ಮಮ್ಮ ಆಗಿದ್ರೆ ಮನ್ನಾ ಮಾಡ್ತಿದ್ಲು. ನಾನು ಮಾಡಲ್ಲ.”

ಅಷ್ಟರಲ್ಲಿ ಯಾರೋ ಅವಳನ್ನು ಕೂಗಿದರು. ಮೇಷ್ಟ್ರು ಒಬ್ಬರೇ ಬಸ್ಸು ಹತ್ತಿದರು. ಮನೆಯಲ್ಲಿ ಇಬ್ಬರಿಗೆಂದು ಮಾಡಿಟ್ಟಿದ್ದ ಅಡುಗೆಯಲ್ಲಿ ಅರ್ಧವನ್ನು ಉಂಡು, ಉಳಿದರ್ಧದ ಮೇಲೆ ತಟ್ಟೆ ಮುಚ್ಚಿದರು. ಬಾಕಿ ಹಾಗೆಯೇ ಉಳಿಯಿತು.